ಸೇವ್ ಆಗಿದೆ, ಮೇಲೆ ಹೋಗಿಲ್ಲ

ಪ್ರಶ್ನೆ: ನಮ್ಮೂರ ಹಾಲಿನ ಡೈರಿಯ ಕಾರ್ಯದರ್ಶಿ ನಾನು. ಹಾಲಿನ ಲೆಕ್ಕದ ಎಕ್ಸೆಲ್ ಫೈಲನ್ನು ಒನ್‌ಡ್ರೈವ್ (ಮೈಕ್ರೋಸಾಫ್ಟಿನ ಕ್ಲೌಡ್ ಸೇವೆ) ಫೋಲ್ಡರಿನಲ್ಲಿ ಇಟ್ಟಿದ್ದೇನೆ. ಬೆಳಗಿನ ಲೆಕ್ಕ ಡೈರಿಯ ಕಂಪ್ಯೂಟರಿನಲ್ಲಿ, ಸಂಜೆಯದು ಮನೆಯ ಲ್ಯಾಪ್‌ಟಾಪಿನಲ್ಲಿ ಎಂಟ್ರಿ ಆಗುತ್ತದೆ. ಹೋದ ವಾರ ನೋಡಿದರೆ ಅದೇ ಫೈಲು ಎರಡಾಗಿದೆ! ಒಂದರ ಹೆಸರಿನ ಕೊನೆಗೆ ಡೈರಿ ಕಂಪ್ಯೂಟರಿನ ಹೆಸರು ಅಂಟಿಕೊಂಡಿದೆ. ಒಂದರಲ್ಲಿ ಮೂರು ದಿನದ ಬೆಳಗಿನ ಹಾಲಿಲ್ಲ, ಇನ್ನೊಂದರಲ್ಲಿ ಸಂಜೆಯದಿಲ್ಲ. ಬಟವಾಡೆ ಹತ್ತಿರ ಬಂತು. ಯಾವುದನ್ನು ಅಳಿಸಲಿ ಸರ್?
— ಕಾರ್ಯದರ್ಶಿ, ಮಂಡ್ಯ ತಾಲ್ಲೂಕು

ಉತ್ತರ: ಯಾವುದನ್ನೂ ಅಳಿಸಬೇಡಿ. ಎರಡೂ ಅರ್ಧರ್ಧ ಸರಿ ಇವೆ. ಮೊದಲು ಎರಡನ್ನೂ ಒಂದು ಪೆನ್‌ಡ್ರೈವಿಗೆ ಹಾಕಿಟ್ಟುಕೊಳ್ಳಿ, ಆಮೇಲೆ ಮುಂದಿನ ಮಾತು.

ನಡೆದದ್ದು ಇಷ್ಟು. ಒನ್‌ಡ್ರೈವ್ ಫೋಲ್ಡರಿನಲ್ಲಿ ಕಾಣುವ ಫೈಲು ಒಂದಲ್ಲ. ನಿಮ್ಮ ಡಿಸ್ಕಿನಲ್ಲಿ ಒಂದು ಪ್ರತಿ, ಮೇಲೆ ಸರ್ವರಿನಲ್ಲಿ ಇನ್ನೊಂದು. ಸೇವ್ ಒತ್ತಿದಾಗ ಬರೆಯುವುದು ಕೆಳಗಿನ ಪ್ರತಿಗೆ. ಅದು ಮೇಲೆ ಹೋಗುವುದು ನೆಟ್ ಇದ್ದಾಗ, ನೆಟ್ ಇದ್ದಷ್ಟು. ಮಂಡ್ಯದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಕೆಆರ್‌ಎಸ್‌ನಲ್ಲಿ ನಾಲೆಗೆ ನೀರು ಬಿಟ್ಟರು ಅಂದ ಮಾತ್ರಕ್ಕೆ ಮಳವಳ್ಳಿ ಕಡೆಯ ಕೊನೆ ಭಾಗದ ಗದ್ದೆಗೆ ಅವತ್ತೇ ನೀರು ಬಂತು ಅಂತ ಅಲ್ಲ. ನಿಮ್ಮ ಡೈರಿಯಲ್ಲಿ ಬೆಳಗಿನ ಹೊತ್ತು ನೆಟ್ ಇರಲಿಲ್ಲ, ಅಥವಾ ಸಿಂಕ್, ಅಂದರೆ ಕೆಳಗಿನ ಪ್ರತಿಯನ್ನೂ ಮೇಲಿನದನ್ನೂ ಹೊಂದಿಸುವ ಕೆಲಸ, ನಿಂತಿತ್ತು. ಸಂಜೆ ಮನೆಯಲ್ಲಿ ನೀವು ತೆರೆದದ್ದು ಬೆಳಗಿನ ಲೆಕ್ಕ ಇಲ್ಲದ ಹಳೆಯ ಪ್ರತಿ. ಆಮೇಲೆ ಎರಡೂ ಮೇಲೆ ಹೋಗಿ ಎದುರುಬದುರಾದವು. ಯಾವುದು ಸರಿ ಅಂತ ಒನ್‌ಡ್ರೈವಿಗೆ ಗೊತ್ತಾಗದಿದ್ದಾಗ ಅದು ಎರಡನ್ನೂ ಉಳಿಸಿ ಒಂದಕ್ಕೆ ಆ ಕಂಪ್ಯೂಟರಿನ ಹೆಸರು ಸೇರಿಸುತ್ತದೆ. ನೋಡಿದರೆ ಗಾಬರಿ ಆಗುತ್ತದೆ ನಿಜ, ಆದರೆ ಅದು ಮಾಡಿದ್ದೇ ಸರಿ. ಒಂದನ್ನು ಅಳಿಸಿಬಿಟ್ಟಿದ್ದರೆ ಮೂರು ದಿನದ ಹಾಲು ಹೋಗುತ್ತಿತ್ತು.

ಈಗ ಸೇರಿಸುವ ಕೆಲಸ. ಎರಡನ್ನೂ ತೆರೆಯಿರಿ. ಮೂರನೆಯದೊಂದು ಖಾಲಿ ಹಾಳೆಯಲ್ಲಿ ಮೊದಲ ಫೈಲಿನ ಕೋಶದಿಂದ ಎರಡನೆಯದರ ಅದೇ ಕೋಶವನ್ನು ಕಳೆಯುವ ಸೂತ್ರ ಹಾಕಿ ಕೆಳಕ್ಕೆ, ಬಲಕ್ಕೆ ಎಳೆಯಿರಿ. ಎರಡರಲ್ಲೂ ಒಂದೇ ಅಂಕಿ ಇರುವ ಕಡೆ ಸೊನ್ನೆ ಬರುತ್ತದೆ. ಸೊನ್ನೆ ಬರದ ಕೋಶಗಳನ್ನು ಮಾತ್ರ ಡೈರಿಯ ರಿಜಿಸ್ಟರ್ ಎದುರಿಗಿಟ್ಟುಕೊಂಡು ಲೀಟರು, ಫ್ಯಾಟು, ಎಸ್‌ಎನ್‌ಎಫ್ (ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಘನಾಂಶ) ಒಂದೊಂದಾಗಿ ನೋಡಿ. ಹೆಸರಿನ ಸಾಲುಗಳು ಎರಡರಲ್ಲೂ ಒಂದೇ ಕ್ರಮದಲ್ಲಿ ಇರಬೇಕು; ನಡುವೆ ಯಾರೋ ಸಾರ್ಟ್ ಮಾಡಿದ್ದರೆ ಇದು ಕೈಕೊಡುತ್ತದೆ. ಹಾಗಾಗಿದ್ದರೆ ಮೊದಲು ಎರಡನ್ನೂ ಸದಸ್ಯರ ಸಂಖ್ಯೆಯ ಪ್ರಕಾರ ಸಾರ್ಟ್ ಮಾಡಿಕೊಳ್ಳಿ.

ಇನ್ನು ಮುಂದೆ ಹೀಗಾಗದಿರಲು: ಗಡಿಯಾರದ ಪಕ್ಕದಲ್ಲಿರುವ ಮೋಡದ ಚಿತ್ರ ನೋಡದೆ ಕಂಪ್ಯೂಟರ್ ಆರಿಸಬೇಡಿ. ಅದರ ಮೇಲೆ ಬಾಣಗಳು ಸುತ್ತುತ್ತಿದ್ದರೆ ಇನ್ನೂ ಹೋಗುತ್ತಿದೆ ಅಂತ. ಕೆಂಪು ಗುರುತಿದ್ದರೆ ಸಿಕ್ಕಿಹಾಕಿಕೊಂಡಿದೆ. ಎರಡು ನೆಟ್ಟ ಗೆರೆಗಳ 'ಪಾಸ್' (pause) ಗುರುತಿದ್ದರೆ ಸಿಂಕ್ ತಾತ್ಕಾಲಿಕವಾಗಿ ನಿಂತಿದೆ. ಈ ಕೊನೆಯದು ನಮ್ಮ ಕಡೆ ಜಾಸ್ತಿ. ಲ್ಯಾಪ್‌ಟಾಪ್ ಬ್ಯಾಟರಿ ಸೇವರ್‌ಗೆ ಹೋದರೆ, ಅಥವಾ ಮೊಬೈಲ್ ಹಾಟ್‌ಸ್ಪಾಟನ್ನು ವಿಂಡೋಸ್‌ನಲ್ಲಿ 'ಮೀಟರ್ಡ್' (ಡೇಟಾ ಮಿತವಾಗಿ ಬಳಸಬೇಕಾದ ನೆಟ್) ಅಂತ ಗುರುತಿಸಿದ್ದರೆ, ಒನ್‌ಡ್ರೈವ್ ತಾನಾಗಿಯೇ ಸಿಂಕ್ ನಿಲ್ಲಿಸುತ್ತದೆ. ಕರೆಂಟ್ ಹೋಗಿ, ಮೊಬೈಲ್ ನೆಟ್‌ನಲ್ಲಿ ಲೆಕ್ಕ ಬರೆದು, ಲ್ಯಾಪ್‌ಟಾಪ್ ಮುಚ್ಚಿ ಮನೆಗೆ ಹೊರಟರೆ ಎರಡೂ ಕಾರಣ ಒಟ್ಟಿಗೆ ಸೇರಿದಂತೆ. ಆ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್' ಅಂತಲೂ ಕೊಟ್ಟಿಡಿ. ನೀಲಿ ಮೋಡದ ಗುರುತಿರುವ ಫೈಲು ಬರೀ ಹೆಸರು, ನೆಟ್ ಇಲ್ಲದಿದ್ದರೆ ತೆರೆಯುವುದೇ ಇಲ್ಲ.

ನನಗೂ ಹೀಗಾಗಿದೆ. ಒಬ್ಬ ಗಿರಾಕಿಯ ಕೊಟೇಶನ್ ತಿದ್ದಿ, ಸೇವ್ ಕೊಟ್ಟು, ಲ್ಯಾಪ್‌ಟಾಪ್ ಮಡಚಿ ಮೈಸೂರಿನ ರೈಲು ಹತ್ತಿದೆ. ಅವರು ತಮ್ಮ ಆಫೀಸಿನಲ್ಲಿ ತೆರೆದದ್ದು ಹಳೆಯ ರೇಟು. ಆ ರೇಟಿಗೇ ಕೆಲಸ ಮಾಡಿಕೊಟ್ಟೆ.

ಪ್ರಶ್ನೆ: ಶಾಲೆಯ ಅಂಕಪಟ್ಟಿ ಫೈಲನ್ನು ನಾಲ್ಕು ಜನ ಶಿಕ್ಷಕರು ಹಂಚಿಕೊಂಡಿದ್ದೇವೆ. ನನ್ನ ಕಂಪ್ಯೂಟರಿನಲ್ಲಿ ತೆರೆದರೆ 'ಲಾಕ್ಡ್ ಫಾರ್ ಎಡಿಟಿಂಗ್' ಅಂತ ಬಂದು ರೀಡ್ ಓನ್ಲಿ ಆಗುತ್ತದೆ. ಯಾರು ಲಾಕ್ ಮಾಡಿದ್ದಾರೆ ಅಂದರೆ ನನ್ನದೇ ಹೆಸರು ತೋರಿಸುತ್ತದೆ!
— ಶಿಕ್ಷಕಿ, ಮದ್ದೂರು

ಉತ್ತರ: ಮೇಡಂ, ಕಂಪ್ಯೂಟರ್ ಸುಳ್ಳು ಹೇಳುತ್ತಿಲ್ಲ. ಹಿಂದಿನ ಸಲ ಎಕ್ಸೆಲ್ ಸರಿಯಾಗಿ ಮುಚ್ಚದೆ ನಿಂತಿದೆ, ಕಿಟಕಿ ಹೋದರೂ ಒಳಗೆ ಓಡುತ್ತಲೇ ಇದೆ. ಟಾಸ್ಕ್ ಮ್ಯಾನೇಜರ್ ತೆರೆದು ಅಲ್ಲಿ ಎಕ್ಸೆಲ್ ಉಳಿದಿದ್ದರೆ 'ಎಂಡ್ ಟಾಸ್ಕ್' ಕೊಡಿ. ಹತ್ತಿಪ್ಪತ್ತು ನಿಮಿಷ ಬಿಟ್ಟು ಮತ್ತೆ ತೆರೆಯಿರಿ. ಸರ್ವರಿನ ಕಡೆಯ ಬೀಗ ಬಿಚ್ಚಿಕೊಳ್ಳಲು ಅಷ್ಟು ಹೊತ್ತು ಬೇಕಾಗುತ್ತದೆ. ಆಗಲೂ ಆಗದಿದ್ದರೆ ಅದೇ ಫೋಲ್ಡರಿನಲ್ಲಿ ಅಡಗಿದ ಫೈಲುಗಳನ್ನು ತೋರಿಸುವಂತೆ ಮಾಡಿ ನೋಡಿ: ಅಲೆಯಂಥ ಗೆರೆ ಮತ್ತು ಡಾಲರ್ ಚಿಹ್ನೆಯಿಂದ ಶುರುವಾಗುವ ಪುಟ್ಟ ಫೈಲೊಂದು ಉಳಿದಿರಬಹುದು. ಅದೇ ಬೀಗ. ನಾಲ್ವರೂ ಮುಚ್ಚಿದ್ದಾರೆ ಅಂತ ಫೋನ್ ಮಾಡಿ ಖಚಿತ ಮಾಡಿಕೊಂಡು ಅಳಿಸಬಹುದು.

ಇದು ಮತ್ತೆ ಮತ್ತೆ ಆಗುತ್ತಿದ್ದರೆ ನಾಲ್ವರಲ್ಲಿ ಒಬ್ಬರ ಆಫೀಸ್ ಹಳೆಯದು ಅಂತ ನನ್ನ ಅನುಮಾನ. ಹಲವರು ಒಟ್ಟಿಗೆ ಬರೆಯುವ ಸೌಲಭ್ಯ ಎಕ್ಸೆಲ್‌ನಲ್ಲಿ ಬೇಕೆಂದರೆ ಮೈಕ್ರೋಸಾಫ್ಟ್ 365 ಅಥವಾ ಆಫೀಸ್ 2021ರಿಂದ ಈಚಿನದು ಬೇಕು. 2016 ಅಥವಾ 2019 ಇರುವ ಒಬ್ಬರು ತೆರೆದರೆ ಉಳಿದವರಿಗೆಲ್ಲ ಬೀಗ. ಆ ಒಬ್ಬರು ಬ್ರೌಸರಿನಲ್ಲೇ ತೆರೆದು ಬರೆಯಲಿ, ಖರ್ಚಿಲ್ಲದ ದಾರಿ ಅದು. ಫೈಲಿಗೆ ಪಾಸ್‌ವರ್ಡ್ ಹಾಕಿದ್ದರೂ, ಹಳೆಯ ಎಕ್ಸ್‌ಎಲ್‌ಎಸ್ ಮಾದರಿಯಲ್ಲಿದ್ದರೂ ಒಟ್ಟಿಗೆ ಬರೆಯಲು ಆಗುವುದಿಲ್ಲ. ಅಂಕಪಟ್ಟಿಗೆ ಪಾಸ್‌ವರ್ಡ್ ಹಾಕುವ ಬದಲು ಹಂಚಿಕೊಳ್ಳುವಾಗಲೇ ಆ ನಾಲ್ಕು ಜನರ ಇಮೇಲ್‌ಗೆ ಮಾತ್ರ ಅನುಮತಿ ಕೊಡಿ.

ಪ್ರಶ್ನೆ: ಕನ್ನಡ ಅಧ್ಯಾಪಕನಾಗಿ ನಿವೃತ್ತನಾದವನು. ಇಪ್ಪತ್ತು ವರ್ಷದ ಬರಹವೆಲ್ಲ ವರ್ಡ್‌ನಲ್ಲಿದೆ. ಮಗ ಅದನ್ನೆಲ್ಲ ಗೂಗಲ್ ಡ್ರೈವಿಗೆ ಹಾಕಿಕೊಟ್ಟ. ನನ್ನ ಕಂಪ್ಯೂಟರಿನಲ್ಲಿ ಚೆನ್ನಾಗಿ ಕಾಣುವ ಲೇಖನ ಅವನಿಗೆ ಅಮೆರಿಕದಲ್ಲಿ ವಿಚಿತ್ರ ಲಿಪಿಯಲ್ಲಿ ಕಾಣುತ್ತದಂತೆ. ಕ್ಲೌಡ್‌ಗೆ ಹಾಕಿ ಕೆಡಿಸಿಬಿಟ್ಟೆವೇ?
— ಸರಸ್ವತಿಪುರಂ, ಮೈಸೂರು

ಉತ್ತರ: ಏನೂ ಕೆಟ್ಟಿಲ್ಲ ಗುರುಗಳೇ. ನಿಮ್ಮ ಬರಹ ಮೊದಲಿನಿಂದಲೂ ಹಾಗೇ ಇತ್ತು. ನಿಮ್ಮ ಕಂಪ್ಯೂಟರಿನಲ್ಲಿ 'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟು ಇದ್ದುದರಿಂದ ನಿಮಗೆ ತಿಳಿಯಲಿಲ್ಲ, ಅಷ್ಟೆ. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ವೇಷ ಹಾಕುತ್ತವೆ. ನೀವು 'ಕನ್ನಡ' ಅಂತ ಬರೆದದ್ದು ಫೈಲಿನೊಳಗೆ ದೊಡ್ಡ ಪಿ, ತಲೆಯ ಮೇಲೆ ಗೀಟಿರುವ ಎ, ಪೌಂಡ್ ಹಣದ ಚಿಹ್ನೆ, ಹೀಗೆ ಕೂತಿದೆ. ಫಾಂಟ್ ಇಲ್ಲದ ಕಡೆ, ಅಂದರೆ ಮಗನ ಬ್ರೌಸರಿನಲ್ಲಿ, ಫೋನಿನಲ್ಲಿ, ವೇಷ ಕಳಚಿ ಬೀಳುತ್ತದೆ. ಅದಕ್ಕೇ ಡ್ರೈವಿನ ಹುಡುಕುಪೆಟ್ಟಿಗೆಯಲ್ಲಿ ನೀವು ಕನ್ನಡ ಪದ ಹಾಕಿದರೆ ಈ ಲೇಖನಗಳು ಸಿಗುವುದೂ ಇಲ್ಲ.

ಪರಿಹಾರ ಯೂನಿಕೋಡ್‌ಗೆ, ಅಂದರೆ ಎಲ್ಲ ಕಂಪ್ಯೂಟರು, ಫೋನುಗಳೂ ಕನ್ನಡವನ್ನು ಕನ್ನಡವೆಂದೇ ಗುರುತಿಸುವ ಸಂಕೇತಕ್ಕೆ, ತಿರುಗಿಸುವುದು. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಲ್ಲೇ ಪರಿವರ್ತಕವಿದೆ. ಮೂಲ ಫೈಲನ್ನು ಮುಟ್ಟದೆ ಒಂದು ಪ್ರತಿಯ ಮೇಲೆ ಮಾಡಿ. ನಡುವೆ ಇಂಗ್ಲಿಷ್ ಪದಗಳಿದ್ದರೆ ಅವನ್ನೂ ಎಳೆದು ಕನ್ನಡದ ಕಲಸುಮೇಲೋಗರ ಮಾಡುತ್ತದೆ, ಆ ಸಾಲುಗಳನ್ನು ಮೊದಲೇ ಗುರುತು ಹಾಕಿಟ್ಟುಕೊಳ್ಳಿ. ಅರ್ಕಾವತ್ತು, ಒತ್ತಕ್ಷರಗಳನ್ನು ನಿಮ್ಮ ಕಣ್ಣಿಂದಲೇ ತಿದ್ದಬೇಕು. ಆಮೇಲೆ ಫಾಂಟನ್ನು ನಿರ್ಮಲಾ ಯುಐ ಅಥವಾ ತುಂಗಾಕ್ಕೆ ಬದಲಿಸಿ. ಇಪ್ಪತ್ತು ವರ್ಷದ್ದನ್ನೆಲ್ಲ ಒಂದೇ ಸಲ ಮಾಡಲು ಕೂರಬೇಡಿ, ಮಗ ಓದಬೇಕೆಂದಿರುವುದರಿಂದ ಶುರು ಮಾಡಿ. ಬರೀ ಓದಲಿಕ್ಕಾದರೆ ಪಿಡಿಎಫ್ ಮಾಡಿ ಕಳಿಸಿದರೂ ಸಾಕು, ಅದರೊಳಗೆ ಫಾಂಟೂ ಸೇರಿ ಹೋಗುತ್ತದೆ.

ಮಗ ಆ ವಿಚಿತ್ರ ಲಿಪಿಯ ಫೈಲನ್ನು ತೆರೆದು 'ಸರಿ ಮಾಡ್ತೀನಿ' ಅಂತ ಫಾಂಟ್ ಬದಲಿಸುತ್ತಾ ಹೋಗದಂತೆ ಇವತ್ತೇ ಹೇಳಿ. ಅವನು ಅಲ್ಲಿ ಬದಲಿಸಿದ್ದು ನಿಮ್ಮ ಕಂಪ್ಯೂಟರಿಗೂ ಇಳಿಯುತ್ತದೆ.

ಪ್ರಶ್ನೆ: ಫೈಲ್ ತೆರೆಯುತ್ತದೆ, ತಿದ್ದಲೂ ಆಗುತ್ತದೆ. ಆದರೆ ಒಂದು ವಾರದಿಂದ ಯಾವುದೂ ಗೂಗಲ್ ಡ್ರೈವಿಗೆ ಹೋಗುತ್ತಿಲ್ಲ.
— ಗುತ್ತಿಗೆದಾರ, ಪಾಂಡವಪುರ

ಉತ್ತರ: ಜಾಗ ತುಂಬಿದೆಯಾ ನೋಡಿ. ಉಚಿತವಾಗಿ ಸಿಗುವ 15 ಜಿಬಿ ಡ್ರೈವಿಗೆ ಮಾತ್ರ ಅಲ್ಲ, ಜಿಮೇಲ್, ಫೋಟೋ ಎಲ್ಲಕ್ಕೂ ಸೇರಿ. ಆಂಡ್ರಾಯ್ಡ್ ಫೋನಿನ ವಾಟ್ಸ್‌ಆ್ಯಪ್ ಬ್ಯಾಕಪ್ ಕೂಡ ಈಗ ಅದೇ ಲೆಕ್ಕಕ್ಕೆ ಬರುತ್ತದೆ. ಸೈಟಿನ ವಿಡಿಯೋಗಳನ್ನೆಲ್ಲ ವಾಟ್ಸ್‌ಆ್ಯಪ್‌ನಲ್ಲಿ ಹಾಕಿಸಿಕೊಳ್ಳುವವರು ನೀವಾಗಿದ್ದರೆ ಬ್ಯಾಕಪ್‌ನಿಂದ ವಿಡಿಯೋ ಕೈಬಿಡಿ. ಡ್ರೈವಿನಲ್ಲಿ ಅಳಿಸಿದ್ದನ್ನು ಟ್ರ್ಯಾಷ್‌ನಿಂದಲೂ ತೆಗೆಯಬೇಕು, ಇಲ್ಲದಿದ್ದರೆ 30 ದಿನ ಅಲ್ಲೇ ಕೂತು ಜಾಗ ತಿನ್ನುತ್ತದೆ.

ಜಾಗ ಇದ್ದೂ ಎಕ್ಸೆಲ್ ಮಾತ್ರ ತಕರಾರು ಮಾಡಿದರೆ ಹೆಸರಿನ ಉದ್ದ ನೋಡಿ. ಫೋಲ್ಡರುಗಳ ಹೆಸರೂ ಸೇರಿ 218 ಅಕ್ಷರ ದಾಟಿದರೆ ಎಕ್ಸೆಲ್ ಒಪ್ಪುವುದಿಲ್ಲ. ಕನ್ನಡದಲ್ಲಿ ಇದು ಬೇಗ ತುಂಬುತ್ತದೆ. 'ಲಕ್ಷ್ಮೀ' ನಮ್ಮ ಕಣ್ಣಿಗೆ ಎರಡಕ್ಷರ. ಒತ್ತು, ದೀರ್ಘ ಬಿಡಿಬಿಡಿಯಾಗಿ ಎಣಿಸುವ ಕಂಪ್ಯೂಟರಿಗೆ ಏಳು.

ಪ್ರಶ್ನೆ: ಕಲ್ಯಾಣ ಮಂಟಪದ ಮ್ಯಾನೇಜರ್ ನಾನು. ಹೋದ ತಿಂಗಳ ಮದುವೆಯ ಬಿಲ್ ತೆರೆದು ಹೆಸರು, ಮೊತ್ತ ಬದಲಿಸಿ 'ಸೇವ್ ಆ್ಯಸ್' ಕೊಡೋಣ ಅಂದರೆ ಆ ಬಟನ್ನೇ ಇಲ್ಲ. ಹಳೆಯ ಬಿಲ್ಲೂ ಹೋಯಿತು. ಹಳೇ ಪಾರ್ಟಿ ನಾಳೆ ಬಿಲ್ ಕೇಳುತ್ತಾರೆ.
— ಮೈಸೂರು

ಉತ್ತರ: ಹೋಗಿಲ್ಲ. ಒನ್‌ಡ್ರೈವಿನ ಫೈಲಿಗೆ ಆಟೋಸೇವ್ ಚಾಲೂ ಇರುತ್ತದೆ, ನೀವು ಟೈಪ್ ಮಾಡಿದ ಹಾಗೇ ಮೂಲಕ್ಕೇ ಬರೆಯುತ್ತದೆ. 'ಸೇವ್ ಆ್ಯಸ್' ಜಾಗದಲ್ಲಿ 'ಸೇವ್ ಎ ಕಾಪಿ' ಇದೆ. ಫೈಲ್ ಮೆನುವಿನ 'ಇನ್ಫೋ'ದಲ್ಲಿ 'ವರ್ಷನ್ ಹಿಸ್ಟರಿ' ಒತ್ತಿ, ಹೋದ ತಿಂಗಳ ತಾರೀಖಿನ ಪ್ರತಿ ತೆರೆದು ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳಿ. 'ರಿಸ್ಟೋರ್' ಒತ್ತಬೇಡಿ, ಒತ್ತಿದರೆ ಹಳೆಯದು ಮುಂದೆ ಬಂದು ಹೊಸ ಬಿಲ್ಲು ಹಿಂದಕ್ಕೆ ಹೋಗುತ್ತದೆ. ಸ್ವಂತ ಅಕೌಂಟ್ ಆದರೆ ಕೊನೆಯ 25 ಪ್ರತಿ ಮಾತ್ರ ಉಳಿದಿರುತ್ತವೆ, ಆದ್ದರಿಂದ ಇದನ್ನು ಇವತ್ತೇ ಮಾಡಿ. ಮುಂದಿನ ಮುಹೂರ್ತಕ್ಕೆ ಮೊದಲು ಹೆಸರು, ಮೊತ್ತ ಖಾಲಿ ಬಿಟ್ಟ ಒಂದು ಬಿಲ್ ಮಾಡಿ ಟೆಂಪ್ಲೇಟ್ ಆಗಿ ಉಳಿಸಿಡಿ.