ಮೊದಲು ಒಂದು ಮಳೆಗಾಲ ಕಳೆಯಲಿ

ಕಾಸರಗೋಡಿನ ಬದಿಯಡ್ಕ ಕಡೆಯ ಓದುಗರೊಬ್ಬರ ಪತ್ರ: "ಹತ್ತು ವರ್ಷ ಗಲ್ಫಿನಲ್ಲಿ ದುಡಿದು ಊರಿಗೆ ಬಂದು ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ತೆಗೆದುಕೊಂಡೆ. ಎರಡು ತಿಂಗಳೂ ಆಗಿಲ್ಲ. ಮಂಗಳೂರಿನ ಗೆಳೆಯರು ರೀಮ್ಯಾಪ್ ಮಾಡಿಸು, ಗಾಡಿ ತಗ್ಗಿಸು, ಸೈಲೆನ್ಸರ್ ಬದಲಿಸು ಅನ್ನುತ್ತಾರೆ. ಅಪ್ಪ ಏನೂ ಮುಟ್ಟಬೇಡ ಅನ್ನುತ್ತಾರೆ. ಯಾರ ಮಾತು ಕೇಳಲಿ?"

ಸಂಪಾದಕರ ಉತ್ತರ:

ಒಳ್ಳೇ ಗಾಡಿ ತೆಗೆದುಕೊಂಡಿರಿ ಮಾರಾಯರೇ, ಖುಷಿಯಾಯಿತು. ಇದು ಸ್ಪೋರ್ಟ್ಸ್ ಕಾರಾ, ಬರೀ ಹ್ಯಾಚ್‌ಬ್ಯಾಕಾ ಅಂತ ಜಗಳ ಮಾಡುವವರು ಮಾಡಲಿ. 265 ಪಿಎಸ್ ಶಕ್ತಿಯಲ್ಲಿ ಆರು ಸೆಕೆಂಡಿನ ಒಳಗೆ ನೂರು ಮುಟ್ಟುವ ಗಾಡಿ ನನಗೆ ಸ್ಪೋರ್ಟ್ಸ್ ಕಾರೇ.

ಈಗ ಅಪ್ಪನ ಮಾತು ಕೇಳಿ. ಕಂಪೆನಿ ಮಾಡಿದ್ದೆಲ್ಲ ಸರಿ ಅಂತಲ್ಲ. ಎರಡು ತಿಂಗಳಲ್ಲಿ ಈ ಗಾಡಿಯಲ್ಲಿ ಏನು ಸಾಲದು ಅಂತ ನಿಮಗೇ ಗೊತ್ತಿಲ್ಲ. ಪತ್ರದಲ್ಲಿ ಗೆಳೆಯರು ಹೇಳಿದ್ದು ಉಂಟು, ಅಪ್ಪ ಹೇಳಿದ್ದು ಉಂಟು, ಓಡಿಸುವಾಗ ನಿಮಗೆ ಹೇಗನಿಸಿತು ಅನ್ನುವುದು ಒಂದು ಸಾಲೂ ಇಲ್ಲ!

ರೀಮ್ಯಾಪ್ ಅಂದರೆ ಇಂಜಿನ್ ನಡೆಸುವ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸುವುದು. ಸುಲಭದ ಕೆಲಸ, ಅದಕ್ಕೇ ಎಲ್ಲರೂ ಅದನ್ನೇ ಮೊದಲು ಹೇಳುವುದು. ಲ್ಯಾಪ್‌ಟಾಪ್ ಜೋಡಿಸಿ ಟರ್ಬೋದ ಒತ್ತಡ ಏರಿಸುತ್ತಾರೆ, ಶಕ್ತಿ ನಿಜವಾಗಿಯೂ ಜಾಸ್ತಿ ಆಗುತ್ತದೆ. ಆದರೆ ಯುರೋಪಿನಲ್ಲಿ ಬರೆದ ಎಷ್ಟೋ ಮ್ಯಾಪ್‌ಗಳು 98 ಆಕ್ಟೇನ್ ಪೆಟ್ರೋಲನ್ನು (ಆಕ್ಟೇನ್ ಜಾಸ್ತಿ ಇದ್ದಷ್ಟು ಅದು ತನ್ನಷ್ಟಕ್ಕೇ ಹೊತ್ತಿಕೊಳ್ಳುವುದು ಕಡಿಮೆ) ನಂಬಿಕೊಂಡಿರುತ್ತವೆ, ನಮ್ಮ ಬಂಕಿನಲ್ಲಿ ಸಿಗುವುದು 95. ಅದರ ಮೇಲೆ ಎಪ್ರಿಲ್ ತಿಂಗಳ ನಮ್ಮ ಸೆಕೆ. ಒಳಗೆ ಹೋಗುವ ಗಾಳಿಯೇ ಕಾದಿರುವಾಗ ಇಂಜಿನ್ ನಾಕ್ ಮಾಡಲು, ಅಂದರೆ ಒಳಗಿನ ಪೆಟ್ರೋಲ್ ತನ್ನಷ್ಟಕ್ಕೇ ಹೊತ್ತಿ ಟಕಟಕ ಬಡಿಯಲು, ಶುರು ಮಾಡುತ್ತದೆ, ಕಂಪ್ಯೂಟರ್ ಅದನ್ನು ಹಿಡಿದು ಕಿಡಿ ಹಾರುವುದನ್ನು ತಡ ಮಾಡುತ್ತದೆ, ನೀವು ದುಡ್ಡು ಕೊಟ್ಟು ತಂದ ಶಕ್ತಿಯಲ್ಲಿ ಒಂದು ಪಾಲು ಅಲ್ಲೇ ಹೋಯಿತು. ಇನ್ನು ಜೂನ್ ಬಂದರೆ ಬೇರೆಯೇ ಕಥೆ. ಇದು ಮುಂದಿನ ಚಕ್ರ ಎಳೆಯುವ ಗಾಡಿ, ಈಗಿರುವ 370 ನ್ಯೂಟನ್ ಮೀಟರ್ ಟಾರ್ಕೇ ಒದ್ದೆ ರಸ್ತೆಗೆ ಧಾರಾಳ. ಪೆರ್ಲದ ತಿರುವಿನಲ್ಲಿ ಜೋರಾಗಿ ಕಾಲಿಟ್ಟು ನೋಡಿ, ಚಕ್ರ ಜಾರುತ್ತಿದೆ ಅಂತ ಹೇಳುವ ಟ್ರ್ಯಾಕ್ಷನ್ ಲೈಟು ಮಿಣಕ್ ಮಿಣಕ್ ಅನ್ನುತ್ತದೆ. ಇನ್ನೂ ಬೇಕಾ?

ವಾರಂಟಿ ವಿಷಯ. "ಸರ್ವಿಸಿಗೆ ಮೊದಲು ಹಳೇ ಸಾಫ್ಟ್‌ವೇರ್ ಹಾಕಿದರೆ ಆಯಿತು" ಅನ್ನುವವರನ್ನು ನಂಬಬೇಡಿ. ಬದಲಿಸಿದ್ದು ಸಿಕ್ಕಿಬಿದ್ದರೆ ಹಾಕಲಿಕ್ಕೆ ಫೋಕ್ಸ್‌ವ್ಯಾಗನ್‌ನವರ ಲೆಕ್ಕದಲ್ಲಿ ಟಿಡಿ1 ಅಂತ ಒಂದು ಗುರುತೇ ಉಂಟು. ಅದು ಬಿದ್ದ ಮೇಲೆ ಇಂಜಿನ್, ಗೇರ್‌ಬಾಕ್ಸ್ ಖರ್ಚು ನಿಮ್ಮ ತಲೆಗೆ.

ತಗ್ಗಿಸುವ ವಿಷಯದಲ್ಲಿ ನಾನು ಪೆಟ್ಟು ತಿಂದವನು. ನನ್ನ ಹಳೇ ಝೆನ್‌ಗೆ ಚಿಕ್ಕ ಸ್ಪ್ರಿಂಗ್ ಹಾಕಿಸಿದ್ದೆ. ಮೂರನೇ ದಿನವೇ ನಮ್ಮ ಮುರಕಲ್ಲಿನ ದಾರಿಯಲ್ಲಿ, ನೀರ ಕಣಿ ದಾಟುವಾಗ ಬಂಪರ್ ಅಲ್ಲೇ ಉಳಿಯಿತು, ನಾನು ಮುಂದೆ ಹೋದೆ. ಅಮ್ಮ ಅದನ್ನು ಎತ್ತಿಕೊಂಡು ಬಂದು ಅಂಗಳದಲ್ಲಿಟ್ಟು ಒಂದು ಮಾತೂ ಆಡಲಿಲ್ಲ, ಅದೇ ದೊಡ್ಡ ಬೈಗುಳ. ನಿಮ್ಮ ಗಾಲ್ಫ್ ಈಗಲೇ ನೆಲದಿಂದ 136 ಮಿಲಿಮೀಟರ್. ಅದರಲ್ಲಿ ಮೂವತ್ತು ಕಳೆದು ಮನೆಗೆ ಹೇಗೆ ಹೋಗುತ್ತೀರಿ?

ಸೈಲೆನ್ಸರ್ ಬೇಡವೇ ಬೇಡ. ರಾತ್ರಿ ನೀವು ಮನೆಗೆ ಬಂದದ್ದು ಇಡೀ ಬೈಲಿಗೆ ಯಾಕೆ ಗೊತ್ತಾಗಬೇಕು? ಕಾನೂನೂ ಬಿಡುವುದಿಲ್ಲ. ಕಂಪೆನಿಯ ಮೂಲ ವಿವರಕ್ಕೆ ಹೊಂದದ ಬದಲಾವಣೆ ಸಲ್ಲದು ಅಂತ 2019ರ ಜನವರಿಯಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ಅದೂ ಕೇರಳದ್ದೇ ಕೇಸಿನಲ್ಲಿ. ಅದೇ ವರ್ಷ ತಿದ್ದಿದ ಮೋಟಾರು ಕಾಯ್ದೆಯಲ್ಲಿ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಕೆಎಲ್ 14 ನಂಬರಿನ ಗಾಡಿಯನ್ನು ತಲಪಾಡಿ ಗಡಿ ದಾಟಿಸಿ ಕರ್ನಾಟಕಕ್ಕೆ ತಂದ ಮಾತ್ರಕ್ಕೆ ಇದು ತಪ್ಪುವುದಿಲ್ಲ.

ಕೈ ತುರಿಸುತ್ತಿದ್ದರೆ ಗಾಜಿಗೆ ಫಿಲ್ಮ್ ಹಾಕಿಸಿ. ಮುಂದೆ ಹಿಂದೆ 70, ಬದಿಗೆ 50 ಶೇಕಡಾ ಬೆಳಕು ಬಿಡುವಂಥದ್ದಕ್ಕೆ ಅಡ್ಡಿಯಿಲ್ಲ ಅಂತ 2024ರಲ್ಲಿ ಕೇರಳ ಹೈಕೋರ್ಟ್ ಹೇಳಿದೆ. ಉಳಿದ ದುಡ್ಡು ಟಯರಿಗೆ ಇಡಿ. ಈಗಿನದು ಸವೆದಾಗ ಅದೇ ಅಳತೆಯಲ್ಲಿ, ಒದ್ದೆ ರಸ್ತೆಗೆ ಒಳ್ಳೆಯದು ಅನಿಸಿಕೊಂಡದ್ದನ್ನೇ ಹಾಕಿಸಿ, ದುಬಾರಿಯಾದರೂ ಸರಿ.

ಮಳೆ ಬಿಟ್ಟ ಮೇಲೆ ಒಂದು ಬೆಳಿಗ್ಗೆ ಬೇಗ ಎದ್ದು ಪಾಣತ್ತೂರು, ಕರಿಕೆ ದಾರಿಯಾಗಿ ಭಾಗಮಂಡಲಕ್ಕೆ ಹೋಗಿಬನ್ನಿ. ಅಪ್ಪನನ್ನೂ ಕರೆದುಕೊಳ್ಳಿ, ಮುಂದಿನ ಸೀಟಿನಲ್ಲಿ ಕೂರಿಸಿ. ಬಂದ ಮೇಲೆ ಗಾಡಿಯಲ್ಲಿ ಏನು ಸಾಲದು ಅನಿಸಿತು ಅಂತ ಬರೆಯಿರಿ.