ಎರಡೇ ದಿನದಲ್ಲಿ ಹೀಗಾದರೆ ಕಾಯಬೇಡಿ

ಸಿಂಧನೂರು ತಾಲ್ಲೂಕಿನ ಓದುಗರೊಬ್ಬರು ಬರೆದಿದ್ದಾರೆ: "ಅತ್ತೆಗೆ 72 ವರ್ಷ. ರಾಯಚೂರಿನಲ್ಲಿ ತೋರಿಸಿದಾಗ ಆಲ್ಝೈಮರ್ ಅಂದರು. ತಮ್ಮ ಬೋರಮಾಳ ಸರ ನಾನೇ ಕದ್ದೆ ಅಂತಾರೆ. ಸಂಜೆಯಾದರೆ 'ನಮ್ಮೂರಿಗೆ ಹೋಗೂಣ ನಡಿ' ಅಂತ ಹೊರಡುತ್ತಾರೆ. ಎರಡು ದಿನದಿಂದ ಹಗಲೆಲ್ಲ ಮಂಪರು, ರಾತ್ರಿ ಕೂಗಾಟ. ಮಗನ ಗುರುತೂ ಹತ್ತುತ್ತಿಲ್ಲ. ಕೊನೆಯ ಹಂತಕ್ಕೆ ಬಂತಾ? ನನಗೂ ಈಗೀಗ ಸಿಟ್ಟು ಜಾಸ್ತಿ."

ತಂಗೀ, ಆ ಎರಡು ದಿನದ ವಿಚಾರ ಪತ್ರಿಕೆ ಅಚ್ಚಾಗುವ ತನಕ ಕಾಯುವಂಥದ್ದಲ್ಲ. ಅದಕ್ಕೇ ನಿಮಗೆ ಕೂಡಲೇ ಫೋನ್ ಮಾಡಿ ಆಸ್ಪತ್ರೆಗೆ ಹೋಗಿ ಎಂದೆವು. ಬೇರೆ ಮನೆಗಳಿಗೂ ಬೇಕಾದೀತು ಎಂದು ಇಲ್ಲಿ ಬರೆಯುತ್ತಿದ್ದೇನೆ.

ಆಲ್ಝೈಮರ್ ಎಂಬ ಮರೆವಿನ ಕಾಯಿಲೆ ಒಂದೆರಡು ದಿನದಲ್ಲಿ ಹೀಗೆ ಏರುವಂಥದ್ದಲ್ಲ. ಅದರ ಲೆಕ್ಕ ತಿಂಗಳು, ವರ್ಷಗಳದ್ದು. ಮೊನ್ನೆ ತನಕ ಮಾತಾಡಿಕೊಂಡಿದ್ದವರು ಇವತ್ತು ಮಂಕಾಗಿ ಬಿದ್ದರೆ ಬೇರೆ ಕಾರಣ ಹುಡುಕಬೇಕು. ಹೀಗೆ ಏಕಾಏಕಿ ಮಂಕಾಗುವುದನ್ನು ವೈದ್ಯರು ಡೆಲಿರಿಯಂ ಅನ್ನುತ್ತಾರೆ. ಮೂತ್ರದ ಸೋಂಕು, ನ್ಯುಮೋನಿಯಾ, ಮಲಬದ್ಧತೆ, ರಕ್ತದಲ್ಲಿ ಸೋಡಿಯಂ (ಉಪ್ಪಿನಂಶ) ಇಳಿಯುವುದು, ಸಕ್ಕರೆಯ ಏರುಪೇರು, ಬಿದ್ದು ತಲೆಗೆ ಆದ ಪೆಟ್ಟು, ಯಾವುದೂ ಆಗಿರಬಹುದು. ವಯಸ್ಸಾದವರಲ್ಲಿ ಸೋಂಕಿದ್ದರೂ ಜ್ವರ ಕಾಣಿಸದೆ ಇರಬಹುದು. ನಮ್ಮ ಕಡೆ ಬೇಸಿಗೆ 40 ಡಿಗ್ರಿ ದಾಟುತ್ತದೆ. ಇವರು ನೀರು ಕುಡಿಯುವುದನ್ನೇ ಮರೆತಿರುತ್ತಾರೆ, ಬಾಯಾರಿದೆ ಎಂದು ಹೇಳಲೂ ಬರುವುದಿಲ್ಲ. ನೆಗಡಿಗೆ, ನಿದ್ದೆಗೆ ಅಂಗಡಿಯಲ್ಲಿ ಕೇಳಿ ತಂದ ಮಾತ್ರೆಯಿಂದಲೂ ಹೀಗಾಗುವುದುಂಟು. ಕುಡಿಸುತ್ತಿರುವ ಎಲ್ಲ ಮಾತ್ರೆಗಳನ್ನು ಚೀಲದಲ್ಲಿ ಹಾಕಿಕೊಂಡೇ ಹೋಗಿ. ಕಾರಣ ಸಿಕ್ಕಿ ಚಿಕಿತ್ಸೆಯಾದರೆ ಬಹಳ ಜನ ಚೇತರಿಸಿಕೊಳ್ಳುತ್ತಾರೆ. ಕೆಲವರಿಗೆ ವಾರಗಳೇ ಹಿಡಿಯುತ್ತವೆ, ಕೆಲವರು ಪೂರ್ತಿ ಮೊದಲಿನಂತೆ ಆಗದೆಯೂ ಇರಬಹುದು. ಬಾಯಿ ಒಂದು ಕಡೆ ವಾಲಿದರೆ, ಮಾತು ತೊದಲಿದರೆ, ಕೈ ಸೋತರೆ ಅದು ಲಕ್ವಾ ಇರಬಹುದು. ಆಗ ತಡಮಾಡದೆ 108ಕ್ಕೆ ಕರೆ ಮಾಡಬೇಕು.

"ವಯಸ್ಸಾಯ್ತು, ಅರಳು ಮರಳು" ಅಂತ ಸುಮ್ನೆ ಮನೆಯಲ್ಲೇ ಮಲಗಿಸಿಕೊಂಡಿರಬಾರದು.

ಇನ್ನು ಕಾಯಿಲೆಯ ದಾರಿ. ಆಲ್ಝೈಮರ್‌ನಲ್ಲಿ ಸಾಮಾನ್ಯವಾಗಿ ಮೊದಲು ಪೆಟ್ಟು ತಿನ್ನುವುದು ಹಿಪ್ಪೊಕ್ಯಾಂಪಸ್ ಎಂಬ ಮಿದುಳಿನ ಭಾಗ. ಹೊಸ ನೆನಪು ಕೂರಲು ಅದು ಬೇಕು. ಅದಕ್ಕೇ ಮುಂಜಾನೆ ತಿಂದ ರೊಟ್ಟಿ ನೆನಪಿರುವುದಿಲ್ಲ, ಎಳೆ ಪ್ರಾಯದಲ್ಲಿ ಹಾಡಿದ ನಾಟಿ ಪದ ನೆನಪಿರುತ್ತದೆ. ಸರವನ್ನು ಎತ್ತಿಟ್ಟದ್ದೇ ಅವರಿಗೆ ಗೊತ್ತಿಲ್ಲ. ಇಟ್ಟಿದ್ದು ಗೊತ್ತಿಲ್ಲದಿದ್ದರೆ ಕಳುವಾಗಿದೆ ಅಂತಲೇ ಅನಿಸುತ್ತದೆ, ಅಲ್ವಾ? ಯಾವಾಗಲೂ ಹತ್ತಿರ ಇರುವವರ ಮೇಲೇ ಅನುಮಾನ ಹೋಗುತ್ತದೆ. ಅಂದರೆ ಹೆಚ್ಚು ಸೇವೆ ಮಾಡುವವರೇ ಕಳ್ಳರಾಗುತ್ತಾರೆ. ಬೀಗರು, ನೆಂಟರು ಇದನ್ನು ಮೊದಲು ತಿಳಿಯಬೇಕು. ನೀವು ವಾದಕ್ಕೆ ನಿಲ್ಲಬೇಡಿ. "ಬರ್ರಿ, ಇಬ್ಬರೂ ಹುಡುಕೋಣ" ಅನ್ನಿ.

ನಡುವಿನ ಹಂತ ಬಹಳ ಉದ್ದ, ಮನೆಯವರು ಸೋಲುವುದೂ ಇಲ್ಲೇ. ಸಂಜೆಯ ಚಡಪಡಿಕೆ, ಸ್ನಾನಕ್ಕೆ ಹಟ, ಹಗಲು ರಾತ್ರಿ ಅದಲು ಬದಲು. ಕತ್ತಲಾಗುವ ಮೊದಲೇ ದೀಪ ಹಾಕಿ. "ಇದೇ ನಿಮ್ಮ ಮನೆ" ಎಂದು ತಿದ್ದುವ ಬದಲು ಊರಿನ ಮಾತು ತೆಗೆದು ಅಂಗಳದಲ್ಲಿ ನಾಲ್ಕು ಸುತ್ತು ಹಾಕಿಸಿ. ನಿಮ್ಮ ಕಡೆ ತುಂಗಭದ್ರಾ ಎಡದಂಡೆ ಕಾಲುವೆ ಇದೆ, ಗದ್ದೆಗಳಿಗೆಲ್ಲ ಉಪಕಾಲುವೆಗಳಿವೆ, ಒಬ್ಬರೇ ಹೊರಟವರು ನೀರಿಗೆ ಬೀಳಬಾರದಲ್ಲ. ಬಾಗಿಲಿಗೆ ಗಂಟೆ ಕಟ್ಟಿ, ಫೋನ್ ನಂಬರು ಬರೆದ ಚೀಟಿ ಸೀರೆಯ ಅಂಚಿಗೆ ಹೊಲಿಯಿರಿ.

ಕೊನೆಯ ಹಂತದಲ್ಲಿ ನಡಿಗೆ, ಮಾತು ನಿಲ್ಲುತ್ತವೆ, ನುಂಗಲು ಕಷ್ಟವಾಗುತ್ತದೆ. ಆಗ ಕೂರಿಸಿಯೇ ಮೆತ್ತಗಿನ ಊಟ ಕೊಡಬೇಕು, ಇಲ್ಲದಿದ್ದರೆ ಅನ್ನ ಶ್ವಾಸಕೋಶಕ್ಕೆ ಇಳಿಯಬಹುದು. ರೋಗ ಪತ್ತೆಯಾದ ಮೇಲೆ ಸರಾಸರಿ 4ರಿಂದ 8 ವರ್ಷ ಬದುಕುತ್ತಾರೆ, ಕೆಲವರು 20 ವರ್ಷವೂ ಇರುತ್ತಾರೆ. ಡೊನೆಪೆಝಿಲ್‌ನಂಥ ಮಾತ್ರೆ ಕೆಲವರಿಗೆ ಸ್ವಲ್ಪ ಕಾಲ ನೆರವಾಗುತ್ತದೆ, ಆದರೆ ಗುಣಪಡಿಸುವುದಿಲ್ಲ. ಲಕ್ಷಗಟ್ಟಲೆ ಕೇಳಿ ವಾಸಿ ಮಾಡುತ್ತೇವೆ ಎನ್ನುವವರನ್ನು ನಂಬಬೇಡಿ.

ನಿಮ್ಮ ಸಿಟ್ಟಿನ ಬಗ್ಗೆ. ನಿದ್ದೆಯಿಲ್ಲದ ಯಾರಿಗಾದರೂ ಅದು ಬರುತ್ತದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಮತ್ತೆ ಈ ಪುಟವನ್ನು ನಿಮ್ಮ ಯಜಮಾನರ ಕೈಗೆ ಕೊಡಿ. ವಾರದಲ್ಲಿ ಎರಡು ಮೂರು ರಾತ್ರಿಯಾದರೂ ತಾಯಿಯ ಪಕ್ಕ ಅವರು ಮಲಗಲಿ, ನೀವು ಬೇರೆ ಕೋಣೆಯಲ್ಲಿ ನಿದ್ದೆ ಮಾಡಿ.