ಸಂಬಳದ ಚೀಟಿ ಇಲ್ಲದವರು ಮನೆ ಕಟ್ಟಲು ಖಾಸಗಿ ಗೃಹಸಾಲ ಕಂಪನಿಗೆ ಹೋಗಬೇಕೋ, ಎನ್‌ಜಿಒ ನೆರವು ತಗೋಬೇಕೋ?

ಸ್ವಂತ ಸೈಟಿದೆ, ಸಂಬಳದ ಚೀಟಿ ಇಲ್ಲ, ಪಿಎಂ ಆವಾಸ್ ಸಹಾಯಧನದ ನಂಬಿಕೆಯಿದೆ, ಕಂಪನಿಯ ಸಾಲವೋ ಸಂಸ್ಥೆಯ ನೆರವೋ ಅಂತ ಕೇಳಿದ್ದೀರಿ. ಸೈಟಿನ ಅಳತೆ ಒಂದನ್ನು ಬಿಟ್ಟರೆ ನೀವು ಬರೆದಿರುವುದೆಲ್ಲ 2018ರ ನಮ್ಮ ಮನೆಯ ಪರಿಸ್ಥಿತಿಯೇ. ಮಾವ ಬಿಟ್ಟುಹೋದ ಸೈಟು, ನಮ್ಮ ಮನೆಯವರ ಮೋಟರ್ ರೀವೈಂಡಿಂಗ್ ಅಂಗಡಿ, ನನ್ನ ಹೊಲಿಗೆ. ಐಟಿ ರಿಟರ್ನ್ಸ್ ಇಲ್ಲ ಅಂತ ಬ್ಯಾಂಕಿನವರು ವಾಪಸ್ ಕಳಿಸಿದ್ದರು. ಆಮೇಲೆ ಒಂದು ಕಡೆ ಗೃಹಸಾಲ ಕಂಪನಿ, ಇನ್ನೊಂದು ಕಡೆ ಮಹಿಳಾ ಸಂಘಗಳ ಮೂಲಕ ಮನೆಗೆ ನೆರವು ಕೊಡುವ ಸಂಸ್ಥೆ. ನಾವು ಕಂಪನಿಯ ಸಾಲವನ್ನೇ ತಗೊಂಡೆವು.

ಸಂಸ್ಥೆಯವರು ನಮ್ಮಲ್ಲಿಗೆ ಬಂದಿದ್ದರು. ಅವರ ಎಂಜಿನಿಯರ್ ಹಾಕಿಕೊಟ್ಟ ನಕ್ಷೆ 320 ಚದರಡಿಯದು: ಒಂದು ಹಾಲು, ಅಡುಗೆಮನೆ, ಬಚ್ಚಲು-ಶೌಚಾಲಯ, ಹೊರಗಿನಿಂದ ಮೆಟ್ಟಿಲಿಗೆ ಜಾಗ, ಮುಂದೆ ಮೇಲೊಂದು ಮಹಡಿ ತಡೆಯುವಷ್ಟು ಪಾಯ. ಸಾಲ ಮೊದಲು 2.5 ಲಕ್ಷ. ಅದನ್ನು ಸರಿಯಾಗಿ ಕಟ್ಟಿದರೆ ಮಹಡಿಗೆ ಇನ್ನೊಂದು ಸಾಲ. ಷರತ್ತುಗಳೂ ಇದ್ದವು. ನಾನು ಉಳಿತಾಯ ಸಂಘಕ್ಕೆ ಸೇರಬೇಕು, ಸೈಟಿನ ಪತ್ರದಲ್ಲಿ ನನ್ನ ಹೆಸರೂ ಬರಬೇಕು, ನೀರು ಹಾಕುವುದು, ಇಟ್ಟಿಗೆ ಸಾಗಿಸುವುದು ಮನೆಯವರೇ ಮಾಡಬೇಕು. ನನಗೆ ಇಷ್ಟವಿತ್ತು. ಆದರೆ ಭಾವನವರು "ಧರ್ಮದ ಮನೆ ನಮಗ್ಯಾಕೆ, ಅದೂ ಒಂದೇ ಹಾಲಿಂದು" ಅಂದರು, ಅಲ್ಲಿಗೆ ಮಾತು ನಿಂತಿತು.

ಅದು ಧರ್ಮದ ಮನೆ ಅಲ್ಲ. ನೀವೂ ಪ್ರಶ್ನೆಯಲ್ಲಿ "ಉಚಿತವಾಗಿ ಕಟ್ಟಿಕೊಡುವ ಸಂಸ್ಥೆ" ಅಂತ ಬರೆದಿದ್ದೀರಿ, ಆ ಲೆಕ್ಕವನ್ನು ದಯವಿಟ್ಟು ಬಿಡಿ. ನೆರೆ, ಭೂಕಂಪದಲ್ಲಿ ಮನೆ ಕಳಕೊಂಡವರ ವಿಷಯ ಬೇರೆ. ಉಳಿದಂತೆ ಈ ಕ್ಷೇತ್ರದಲ್ಲಿ ಗಟ್ಟಿಯಾಗಿ ನಿಂತ ಸಂಸ್ಥೆಗಳು ಹೆಚ್ಚಾಗಿ ನಡೆಸುವುದು ಸಾಲ ಮತ್ತು ಶ್ರಮದ ಮೇಲೆ. 1976ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಶುರುವಾದ ಹ್ಯಾಬಿಟಾಟ್ ಫಾರ್ ಹ್ಯುಮಾನಿಟಿ ಮೊದಲಿನಿಂದ ಹೇಳಿದ್ದೇ ಇದು: ಲಾಭವಿಲ್ಲದ ಬೆಲೆಗೆ ಮನೆ, ಆದರೆ ಕುಟುಂಬದವರು ಮೈಮುರಿದು ದುಡಿಯಬೇಕು, ಕಂತೂ ಕಟ್ಟಬೇಕು. ಬಾಂಗ್ಲಾದೇಶದ ಗ್ರಾಮೀಣ ಬ್ಯಾಂಕ್ 1984ರಲ್ಲಿ ಮನೆಸಾಲ ಶುರು ಮಾಡಿದಾಗ ನಾಲ್ಕು ಕಾಂಕ್ರೀಟ್ ಕಂಬ, ತಗಡಿನ ಚಾವಣಿ, ಶೌಚಾಲಯದ ಸಾಮಾನು, ಇಷ್ಟಕ್ಕೆ ಸಣ್ಣ ಸಾಲ ಕೊಡುತ್ತಿತ್ತು. ಜಾಗ ಸಾಲ ತಗೊಂಡ ಹೆಂಗಸಿನ ಹೆಸರಿಗೆ ಆಗಲೇಬೇಕಿತ್ತು. ಆ ಮನೆಗಳಿಗೆ 1989ರಲ್ಲಿ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿಯೇ ಬಂತು. ನಮ್ಮಲ್ಲಿ ಅಹಮದಾಬಾದಿನ ಸೇವಾ (SEWA) ಅನ್ನುವ ದುಡಿಯುವ ಹೆಂಗಸರ ಸಂಘಟನೆ 1994ರಲ್ಲಿ ಮಹಿಳಾ ಹೌಸಿಂಗ್ ಟ್ರಸ್ಟ್ ಕಟ್ಟಿದ್ದೂ ಮನೆಯಲ್ಲೇ ಕೂತು ದುಡಿಯುವ ನನ್ನಂಥ ಹೆಂಗಸರಿಗಾಗಿ. ನನಗಂತೂ ಮನೆಯೇ ಅಂಗಡಿ.

ಕಂಪನಿಯವರ ಬಗ್ಗೆಯೂ ನ್ಯಾಯವಾಗಿ ಹೇಳಬೇಕು. ಬ್ಯಾಂಕಿನವರು ಮುಖ ನೋಡದೆ ಕಳಿಸಿದ್ದರು. ಕಂಪನಿಯಿಂದ ಬಂದ ಹುಡುಗ ಅಂಗಡಿಯಲ್ಲಿ ಅರ್ಧ ದಿನ ಕೂತ. ಯಾವ ಪಂಚಾಯಿತಿಯ ಮೋಟರ್ ಎಷ್ಟಕ್ಕೆ ಅಂತ ನೋಡಿದ, ನನ್ನ ಬ್ಲೌಸ್ ಲೆಕ್ಕದ ಪುಸ್ತಕ ತಿರುವಿದ, ಕರೆಂಟ್ ಬಿಲ್ಲು, ಮಗಳ ಫೀಸಿನ ರಸೀದಿ ನೋಡಿ ನಮ್ಮ ಆದಾಯ ಇಷ್ಟು ಅಂತ ತಾನೇ ಬರೆದುಕೊಂಡ. ಆದಾಯಕ್ಕೆ ಕಾಗದವಿಲ್ಲದವರಿಗೆ ಇದು ದೊಡ್ಡ ಮಾತು. ಬಡ್ಡಿ 14% ಇತ್ತು, ಬ್ಯಾಂಕಿಗಿಂತ ಬಹಳ ಹೆಚ್ಚು. ಆದರೂ ನಮ್ಮನ್ನು ಮುರಿದದ್ದು ಬಡ್ಡಿಯಲ್ಲ.

ತಪ್ಪಾದದ್ದು ಪಾಯದಲ್ಲಿ. ಇದನ್ನು ಬಿಡಿಸಿ ಬರೆಯುತ್ತೇನೆ, ನಿಧಾನವಾಗಿ ಓದಿ.

ಕಂಪನಿಯ ಸಾಲದಲ್ಲಿ ಕಟ್ಟುವ ಮನೆಗೆ ಎಂಜಿನಿಯರ್ ಹಾಕಿದ ಅಂದಾಜು 13 ಲಕ್ಷ. ಅದರಲ್ಲಿ 4 ಲಕ್ಷ ನಮ್ಮದು: ಚೀಟಿ ದುಡ್ಡು, ನನ್ನ ಬಂಗಾರ ಮಾರಿದ್ದು. 9 ಲಕ್ಷ ಸಾಲ. ಕಟ್ಟಡದ ಸಾಲ ಒಂದೇ ಸಲಕ್ಕೆ ಕೈಗೆ ಬರುವುದಿಲ್ಲ. ಮೊದಲು ನಮ್ಮ ದುಡ್ಡು ಹಾಕಿ ಕೆಲಸ ತೋರಿಸಬೇಕು. ಕಂಪನಿಯ ಎಂಜಿನಿಯರ್ ಬಂದು ಫೋಟೊ ತೆಗೆದು, ಇಷ್ಟು ಮುಗಿದಿದೆ ಅಂತ ಬರೆದ ಮೇಲೆ ಒಂದು ಭಾಗ ಬಿಡುಗಡೆ. ನಮಗೆ ನಾಲ್ಕು ಭಾಗ ಇತ್ತು. ಪಾಯ ಮುಗಿದಾಗ, ಗೋಡೆ ಲಿಂಟಲ್ (ಬಾಗಿಲು-ಕಿಟಕಿ ಮೇಲಿನ ಪಟ್ಟಿ) ಮುಟ್ಟಿದಾಗ, ಮೋಲ್ಡ್ (ಕಾಂಕ್ರೀಟ್ ಚಾವಣಿ) ಆದಾಗ, ಪ್ಲಾಸ್ಟರಿಂಗ್ ಆದಾಗ, ಸಲಕ್ಕೆ 2.25 ಲಕ್ಷ.

ಪಾಯಕ್ಕೆ ಅಂದಾಜಿನಲ್ಲಿ ಇದ್ದದ್ದು 2.2 ಲಕ್ಷ. ಆ ಲೆಕ್ಕದಲ್ಲಿ ನಡೆದಿದ್ದರೆ ನಮ್ಮ ಕೈಯಲ್ಲಿ 1.8 ಲಕ್ಷ ಉಳಿದಿರುತ್ತಿತ್ತು. ಅಗೆಯುವ ದಿನ ಮೇಸ್ತ್ರಿ "ಹೇಗೂ ಅಗೀತಿದೀವಿ, ಮೂರು ಮಹಡಿಗೆ ಆಗೋ ಹಾಗೆ ಹಾಕಿಬಿಡಿ, ಆಮೇಲೆ ಪಾಯ ಮುಟ್ಟಕ್ಕಾಗಲ್ಲ" ಅಂದ. ಹಿಂದುಗಡೆ ಇನ್ನೊಂದು ರೂಮಿಗೂ ಆಗಲಿ ಅಂತ ಸುಣ್ಣದ ಗೆರೆ ಎಳೆಸಿದ್ದು ನಾನೇ. ಪಿಲ್ಲರ್ ಹೆಚ್ಚಾಯಿತು, ಗುಂಡಿ ದೊಡ್ಡದಾಯಿತು, ಕಬ್ಬಿಣ ಹೆಚ್ಚಾಯಿತು. ನಮ್ಮ 4 ಲಕ್ಷ ಪೂರ್ತಿ ನೆಲದೊಳಗೆ ಹೋಯಿತು. ಕಂಪನಿಯ ಎಂಜಿನಿಯರ್ ಬಂದು "ಪಾಯ ಮುಗಿದಿದೆ" ಅಂತ ಒಂದು ಸಾಲು ಬರೆದ. ದೊಡ್ಡ ಪಾಯಕ್ಕೂ ಚಿಕ್ಕ ಪಾಯಕ್ಕೂ ಬಿಡುಗಡೆ ಅದೇ 2.25 ಲಕ್ಷ, ಏಕೆಂದರೆ ಅವರು ನೋಡುವುದು ಮಂಜೂರಾದ ನಕ್ಷೆಯನ್ನು.

ಗೋಡೆ ಲಿಂಟಲ್ ಮಟ್ಟಕ್ಕೆ ಬರಲು, ಒಂದಿಷ್ಟು ಉದ್ರಿಯೂ ಸೇರಿ, 3.4 ಲಕ್ಷ ಆಯಿತು. ಎರಡು ಬಿಡುಗಡೆಯಿಂದ ಬಂದದ್ದು 4.5 ಲಕ್ಷ. ಉಳಿದದ್ದು 1.1 ಲಕ್ಷ. ಮೋಲ್ಡಿಗೆ ಕಬ್ಬಿಣ, ಸಿಮೆಂಟು, ಸೆಂಟ್ರಿಂಗ್ (ಕಾಂಕ್ರೀಟ್ ಹಿಡಿಯುವ ಹಲಗೆ-ಊರೆ) ಸೇರಿ 3 ಲಕ್ಷ ಬೇಕು, ಅದೂ ಮುಂಗಡವಾಗಿ. ಮೂರನೇ ಭಾಗದ ಸಾಲ ಬರುವುದು ಮೋಲ್ಡ್ ಆದ ಮೇಲೆ. ದುಡ್ಡಿಲ್ಲದೆ ಮೋಲ್ಡ್ ಇಲ್ಲ, ಮೋಲ್ಡ್ ಇಲ್ಲದೆ ದುಡ್ಡಿಲ್ಲ. ಕಡಿಮೆ ಬಿದ್ದದ್ದು 1.9 ಲಕ್ಷ. ಅದರಲ್ಲಿ 1.8 ಲಕ್ಷವನ್ನು ನಾವೇ ಪಾಯದಲ್ಲಿ ಹೂತಿದ್ದೆವು.

ಕೆಲಸ ನಿಂತಿತು. ಬಿಡುಗಡೆಯಾದ 4.5 ಲಕ್ಷಕ್ಕೆ ಬರೀ ಬಡ್ಡಿ ತಿಂಗಳಿಗೆ 5,250 ರೂಪಾಯಿ, ಇದ್ದ ಮನೆಗೆ ಬಾಡಿಗೆ 4,500. ಎರಡೂ ಸೇರಿ 9,750 ಹೋಗುತ್ತಿತ್ತು, ಅಸಲಿನಲ್ಲಿ ಒಂದು ರೂಪಾಯಿ ಇಳಿಯುತ್ತಿರಲಿಲ್ಲ. ಮಳೆಗಾಲ ಹಿಡಿಯಿತು, ಪಿಲ್ಲರಿನ ಕಂಬಿ ತುಕ್ಕು ಹಿಡಿಯಿತು. ಕೊನೆಗೆ ಮೂರು ರೂಪಾಯಿ ಬಡ್ಡಿಗೆ 2 ಲಕ್ಷ ಕೈಸಾಲ ತಂದು ಮೋಲ್ಡ್ ಹಾಕಿಸಿದೆವು. ಅದಕ್ಕೆ ತಿಂಗಳಿಗೆ ಇನ್ನೂ 6,000. ಆ ಕೈಸಾಲ ತೀರಿಸುವುದರಲ್ಲಿ ನಮ್ಮ ಮನೆಯವರ ಅಂಗಡಿಯ ಬಂಡವಾಳ ಕರಗಿತು. ಹಿಂದಿನ ರೂಮಿನ ಪಾಯದ ಮೇಲೆ ಇವತ್ತಿಗೂ ಗೋಡೆ ಎದ್ದಿಲ್ಲ.

ಈಗ ಸಂಸ್ಥೆಯವರ ನಕ್ಷೆಯನ್ನು ಇದರ ಪಕ್ಕ ಇಟ್ಟು ನೋಡಿ. ನಮ್ಮ 4 ಲಕ್ಷ, ಅವರ 2.5 ಲಕ್ಷ, ಒಟ್ಟು 6.5. ಆ ದಿನದ ದರದಲ್ಲಿ 320 ಚದರಡಿ ಅದರಲ್ಲಿ ಮುಗಿಯುತ್ತಿತ್ತು. ಬಾಡಿಗೆ ನಿಲ್ಲುತ್ತಿತ್ತು. ಆ 4,500ರಲ್ಲೇ ಅವರ ಕಂತಿನ ಬಹುಪಾಲು ಕಟ್ಟಬಹುದಿತ್ತು. ಅವರ ಎಂಜಿನಿಯರ್ ಕೂಡ ಮುಂದಿನ ಮಹಡಿಗೆ ಪಾಯ ಹಾಕಿಸುತ್ತಿದ್ದರು, ಆದರೆ ಒಂದೇ ಮಹಡಿಗೆ, ಸೂರು ಹಾಕಿದ ಮೇಲೆ ಉಳಿಯುವ ದುಡ್ಡನ್ನು ಲೆಕ್ಕ ಹಾಕಿ. ಮಗಳು ಸಿವಿಲ್ ಡಿಪ್ಲೊಮಾ ಓದುತ್ತಾಳೆ. ಚಿಲಿ ದೇಶದ ಇಕಿಕೆ ಊರಿನಲ್ಲಿ ವಾಸ್ತುಶಿಲ್ಪಿ ಅಲೆಹಾಂದ್ರೊ ಅರವೇನಾ ಅವರ ತಂಡ ಮಾಡಿದ ಕೆಲಸವನ್ನು ಅವಳೇ ತೋರಿಸಿದಳು. ಕುಟುಂಬಕ್ಕೆ 7,500 ಡಾಲರ್ ನೆರವು, ಅದರಲ್ಲೇ ಜಾಗವೂ ಬರಬೇಕು. ಪೂರ್ತಿ ಮನೆ ಸಾಧ್ಯವಿಲ್ಲ ಅಂತ ಒಳ್ಳೆಯ ಮನೆಯ ಅರ್ಧವನ್ನು ಗಟ್ಟಿಯಾಗಿ ಕಟ್ಟಿಕೊಟ್ಟರು: ಅಡುಗೆಮನೆ, ಬಚ್ಚಲು, ಮೆಟ್ಟಿಲು, ಗೋಡೆ. ಉಳಿದ ಅರ್ಧಕ್ಕೆ ಜಾಗ ಬಿಟ್ಟರು, ಜನ ವಾಸ ಮಾಡುತ್ತಾ ತುಂಬಿಸಿಕೊಂಡರು. ಅದನ್ನು ನೋಡಿದಾಗ ಸಂಸ್ಥೆಯಿಂದ ಬಂದಿದ್ದ ಕಾರ್ಯಕರ್ತೆ ನಮಗೆ ಹೇಳಿದ್ದೂ ಇದನ್ನೇ ಅಲ್ಲವೇ ಅಂತ ಹೊಟ್ಟೆ ಉರಿಯಿತು.

ಹಾಗಾಗಿ ನೀವು ಕೇಳಿದ "ಯಾರ ಹತ್ತಿರ ಸಾಲ" ಅನ್ನುವುದು ನನ್ನ ಪ್ರಕಾರ ಆಮೇಲಿನ ಪ್ರಶ್ನೆ. ಈಗ ಎಷ್ಟು ಮನೆ ಕಟ್ಟುತ್ತೀರಿ ಅನ್ನುವುದು ಮೊದಲು ತೀರ್ಮಾನವಾಗಲಿ. ಬಾಡಿಗೆ ನಿಲ್ಲಿಸುವಷ್ಟು ಮನೆ, ಮೇಲೆ ಸೂರು, ಒಳಗೊಂದು ಶೌಚಾಲಯ. ಅಷ್ಟಕ್ಕೆ ಸಂಸ್ಥೆಯ ಸಣ್ಣ ಸಾಲ ಸಾಕಾದರೆ ಕಣ್ಣುಮುಚ್ಚಿ ಅಲ್ಲಿಗೇ ಹೋಗಿ. ಪತ್ರಕ್ಕೆ ಹೆಂಡತಿಯ ಹೆಸರು ಸೇರಿಸಬೇಕು ಅನ್ನುವುದನ್ನು ನೀವು "ತೊಂದರೆ" ಅಂತ ಬರೆದಿದ್ದೀರಿ. ನನಗೆ ಅದು ಓದಲು ಕಷ್ಟವಾಯಿತು. ಮನೆಗೆ ಬಂಗಾರ ಕೊಡುವವಳು ಅವಳು, ಕ್ಯೂರಿಂಗಿಗೆ ನೀರು ಹೊರುವವಳು ಅವಳು. "ಮುಂಗಡ ಶುಲ್ಕ ಕಟ್ಟಿ, ಮನೆ ಕೊಡಿಸುತ್ತೇವೆ" ಅನ್ನುವ ಟ್ರಸ್ಟುಗಳ ಹತ್ತಿರ ಮಾತ್ರ ಸುಳಿಯಬೇಡಿ. ಅವರು ಈ ಮೊದಲು ಕಟ್ಟಿಸಿದ ಮನೆಗೆ ಹೋಗಿ, ಅಲ್ಲಿನ ಹೆಂಗಸರನ್ನು ಮಾತಾಡಿಸಿ.

ಕಂಪನಿಯ ಸಾಲವೇ ಆಗಬೇಕಾದರೆ, ಪ್ರತಿ ಭಾಗ ಕೆಲಸಕ್ಕೆ ಮುಂಚೆ ಬರುತ್ತದೋ ಆಮೇಲೆ ಬರುತ್ತದೋ ಅನ್ನುವುದನ್ನು ಬರಹದಲ್ಲಿ ತಗೊಳ್ಳಿ. ಮೋಲ್ಡಿನ ದುಡ್ಡನ್ನು ಬೇರೆ ಖಾತೆಯಲ್ಲಿ ಇಟ್ಟ ಮೇಲೆಯೇ ಅಗೆಯಲು ಶುರು ಮಾಡಿ. 2024ರ ಅಕ್ಟೋಬರ್ 1ರಿಂದ ಸಾಲದ ಮುಖ್ಯ ಅಂಶಗಳ ಪತ್ರವನ್ನು ನಿಮಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮವಿದೆ, ಕನ್ನಡದಲ್ಲೇ ಕೇಳಿ. ವಿಮೆಯ ಪ್ರೀಮಿಯಂ ಸಾಲಕ್ಕೆ ಸೇರಿಸಿದ್ದಾರಾ ಅನ್ನುವುದು ಅಲ್ಲಿ ಕಾಣುತ್ತದೆ. ನಮಗೆ ಸೇರಿಸಿದ್ದರು, ತಿಳಿದದ್ದು ಆಮೇಲೆ. ಬದಲಾಗುವ ಬಡ್ಡಿಯ ಸಾಲವನ್ನೇ ತಗೊಳ್ಳಿ. ಸ್ವಂತಕ್ಕೆ ತಗೊಂಡ ಅಂಥ ಮನೆಸಾಲವನ್ನು ಬೇಗ ತೀರಿಸಿದರೆ ದಂಡ ಹಾಕುವಂತಿಲ್ಲ. ನಾವು ತಪ್ಪದೆ ಕಂತು ಕಟ್ಟಿದ ದಾಖಲೆ ತೋರಿಸಿ ಕೊನೆಗೆ ಬ್ಯಾಂಕಿಗೆ ವರ್ಗ ಮಾಡಿಸಿಕೊಂಡದ್ದು ಇದರಿಂದಲೇ.

ನೀವು ನಂಬಿಕೊಂಡಿರುವ, ಕೇಂದ್ರ ಸರ್ಕಾರದ ಪಿಎಂ ಆವಾಸ್ 2.0 ವಸತಿ ಯೋಜನೆಯ ಬಡ್ಡಿ ಸಹಾಯಧನ ಹೆಚ್ಚೆಂದರೆ 1.80 ಲಕ್ಷ, ಅದೂ ಐದು ವಾರ್ಷಿಕ ಕಂತುಗಳಲ್ಲಿ, ನಿಮ್ಮ ಸಾಲದ ಖಾತೆಗೆ. ಮೇಸ್ತ್ರಿಗೆ ಕೊಡಲು ಅದು ಬರುವುದಿಲ್ಲ. ಕಟ್ಟಡದ ಲೆಕ್ಕದಿಂದ ಅದನ್ನು ಇವತ್ತೇ ತೆಗೆಯಿರಿ.

ನಿಮ್ಮ ಎಂಜಿನಿಯರ್ ಕೊಟ್ಟ ಅಂದಾಜು ಪಟ್ಟಿಯಲ್ಲಿ ಪಾಯಕ್ಕೆ ಎಷ್ಟು, ಮೋಲ್ಡಿಗೆ ಎಷ್ಟು, ನಿಮ್ಮ ಕೈಯಲ್ಲಿ ಎಷ್ಟು ಅನ್ನುವ ಮೂರು ಅಂಕಿಗಳನ್ನು ಕೆಳಗೆ ಬರೆಯಿರಿ. ಮಗಳನ್ನೂ ಕೂರಿಸಿಕೊಂಡು ನೋಡಿ ಉತ್ತರಿಸುತ್ತೇನೆ. ಅಲ್ಲಿಯವರೆಗೆ ಮೇಸ್ತ್ರಿಗೆ ಮುಂಗಡ ಕೊಡಬೇಡಿ.